ಸಾರಿನ ಘಮ ಹುಡುಕಿಕೊಂಡು ಹೋದ ಊರುಗಳು

ದೇವರಿಗೆಂದು ಒಲೆಯ ಮೇಲಿಟ್ಟ ಅಡುಗೆಯ ರುಚಿ ನೋಡುವ ಹಾಗಿಲ್ಲ. ಉಪ್ಪು ಹೆಚ್ಚಾಯಿತೋ ಸಿಹಿ ಕಡಿಮೆಯಾಯಿತೋ, ತುಳಸಿ ಬಿದ್ದು ನೈವೇದ್ಯವಾದ ಮೇಲೆಯೇ ಗೊತ್ತಾಗಬೇಕು. ತವರಿನಲ್ಲಿ ಅಮ್ಮ ಹಾಗೆಯೇ ಮಾಡುತ್ತಿದ್ದಳು, ಮೈಸೂರಿನಲ್ಲಿ ಅತ್ತೆಯೂ ಹಾಗೆಯೇ. ಸಿಂಗಾಪುರಕ್ಕೆ ಬಂದ ಮೇಲೆ ಫ್ಲ್ಯಾಟು ಚಿಕ್ಕದಾಯಿತು, ಮಡಿ ಸ್ವಲ್ಪ ಸಡಿಲವಾಯಿತು. ಆದರೆ ಇದೊಂದನ್ನು ನಾನು ಬಿಡಲಿಲ್ಲ. ಕಷ್ಟವೂ ಆಗಲಿಲ್ಲ ಅನ್ನಿ. ನಾಲಿಗೆ ಮಾಡಬೇಕಾದ ಕೆಲಸವನ್ನು ಮೂಗು ಮಾಡುತ್ತಿತ್ತು. ಬೇಕೆಂದೇ ಮೂಸಿ ನೋಡುವುದಲ್ಲ, ಅದೂ ತಪ್ಪೇ. ಒಲೆಯ ಮುಂದೆ ನಿಂತವಳಿಗೆ ಘಮ ತಾನಾಗಿ ಬರುತ್ತದಲ್ಲ, ಅಷ್ಟು ಸಾಕಿತ್ತು.

ಇಲ್ಲಿನ ಪಾಸಿರ್ ರಿಸ್ ಬಡಾವಣೆಯಲ್ಲಿ ನಾವು ಕೆಲವು ಕನ್ನಡದ ಮನೆಯವರು ಸೇರಿ ಪ್ರತಿ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ಮಾಡುತ್ತೇವೆ. ಒಂದೊಂದು ಸಲ ಒಬ್ಬೊಬ್ಬರ ಮನೆಯಲ್ಲಿ. ಮನೆ ಯಾರದ್ದೇ ಆಗಲಿ, ಸಪಾದಭಕ್ಷ್ಯ ನನ್ನ ಕೈಯದ್ದು. ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಎಲ್ಲವೂ ಒಂದೂಕಾಲು ಅಳತೆ. ಅಳತೆ ಯಾರಿಗಾದರೂ ಬರುತ್ತದೆ. ರವೆ ಹುರಿಯುವುದರಲ್ಲಿದೆ ಎಲ್ಲ. ನನಗೆ ಹಾಡಲು ಬರುವುದಿಲ್ಲ, ಕಥೆ ಓದುವಷ್ಟು ಗಂಟಲಿಲ್ಲ. ದೇವರ ಮುಂದೆ ಇಡಲು ನನ್ನದು ಅಂತ ಇದ್ದದ್ದು ಅದೊಂದೇ ಬಾಣಲೆ.

ಹೀಗಿರುವಾಗ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಮೊದಲು ನೆಗಡಿ ಎಂದುಕೊಂಡೆ. ಮಗಳು ನಂಬಲಿಲ್ಲ. ಅವಳಿಗೆ ಆಗ ಹನ್ನೊಂದು. ಮಾರ್ಕೆಟ್ಟಿನಲ್ಲಿ ದುರಿಯನ್ ಹಣ್ಣು ಕೊಯ್ಯುವ ಅಂಗಡಿಯ ಎದುರಿಗೇ ನನ್ನನ್ನು ನಿಲ್ಲಿಸಿದಳು.

"ಏನಾದ್ರೂ ಬಂತಾ ಅಮ್ಮ?"

"ಏನೂ ಇಲ್ಲ."

"ಡೀಪ್ ಬ್ರೆತ್ ತಗೋ."

ತಗೊಂಡೆ. ಪಕ್ಕದಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ನನಗೆ ಬೆಳಗಿನ ಗಾಳಿ ಅಷ್ಟೇ.

"ಅಯ್ಯೋ, ದಿಸ್ ಒನ್ ಸೀರಿಯಸ್ ಲಾ," ಎಂದು ತನ್ನ ಸಿಂಗಾಪುರದ ಇಂಗ್ಲಿಷಿನಲ್ಲಿ ಅಪ್ಪನಿಗೆ ಫೋನ್ ಮಾಡಿದಳು.

ಆ ತಿಂಗಳ ಪೂಜೆ ನಮ್ಮ ಮನೆಯಲ್ಲೇ. ಕೋಸಂಬರಿಗೆ ಫ್ರಿಜ್ಜಿನಲ್ಲಿದ್ದ ಕಾಯಿತುರಿ ಕಲಸುತ್ತಿದ್ದೆ. ಎದುರು ಬ್ಲಾಕಿನ ಆಂಟಿ, ಉಡುಪಿ ಕಡೆಯವರು, ಅಡುಗೆಮನೆಗೆ ಬಂದವರು ನನ್ನ ಕೈಯಿಂದ ಪಾತ್ರೆ ತಗೊಂಡುಬಿಟ್ಟರು.

"ಮಾರಾಯ್ರೆ, ಈ ಕಾಯಿ ಹುಳಿ ಬಂದಿದೆ. ಬಾಗಿಲಿಗೇ ನಾರ್ತಾ ಉಂಟು. ನಿಮಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ದೇವರ ಮುಂದೆ ಹೋಗುವ ಮೊದಲು ಆಂಟಿಯ ಮೂಗು ಅಲ್ಲಿಗೆ ಬಂತು, ಅದೂ ಅವನ ಕೃಪೆಯೇ. ಆದರೆ ಸಪಾದ ನೀವೇ ಮಾಡಿ ಎಂದು ಆವತ್ತೇ ಆಂಟಿಗೆ ಬಿಟ್ಟುಕೊಟ್ಟೆ. ಅದಾದ ಮೇಲೆ ಪ್ರತಿ ಹುಣ್ಣಿಮೆಗೂ ಅವರೇ ಬಾಣಲೆಯ ಮುಂದೆ, ನಾನು ನಡುಮನೆಯಲ್ಲಿ ಕೂತು ವೀಳ್ಯದೆಲೆ ಒರೆಸುವವಳು. ರುಚಿ ನೋಡದೆ, ವಾಸನೆಯೂ ಇಲ್ಲದೆ ಮಾಡಿದ್ದನ್ನು ದೇವರಿಗೆ ಹೇಗೆ ಇಡುವುದು? ಇನ್ನು ಆ ಬಾಣಲೆ ನನ್ನ ಕೈಗೆ ವಾಪಸು ಬರುತ್ತದೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಯಿತು. ಬೇರೆ ಯಾರಿಗೂ ಅದು ದೊಡ್ಡ ವಿಷಯವಲ್ಲ. ನನಗೆ ಆಗಿತ್ತು.

ಡಾಕ್ಟರು ಔಷಧಿ ಇಲ್ಲ ಅಂದರು. ಚಿಕ್ಕಂದಿನಿಂದ ಗೊತ್ತಿರುವ ವಾಸನೆಗಳ ಎದುರು ದಿನವೂ ಕೂರಬೇಕು, ಮೂಗಿಗೆ ನೆನಪಾದರೆ ಬರುತ್ತದೆ, ಬರುವಾಗ ಮೊದಲು ಕೆಟ್ಟದಾಗಿಯೂ ಬರಬಹುದು ಎಂದರು. ಗೊತ್ತಿರುವ ವಾಸನೆ ಯಾವುದು ಎಂದು ನಮ್ಮವರು ಕೇಳಿದಾಗ ಹಿಂದೆಮುಂದೆ ನೋಡದೆ ಸಾರು ಅಂದೆ. ಇಂಗಿನ ಒಗ್ಗರಣೆ ಬಿದ್ದ ಬೇಳೆಸಾರು. ದಿನಾ ಮನೆಯಲ್ಲಿ ಮಾಡಿ ಮಾಡಿ ಅದರ ಮುಂದೆ ಕೂತೆ. ಬರೀ ಹಬೆ.

ನಮ್ಮವರ ಕೆಲಸ ಟುವಾಸ್ ಬಂದರಿನಲ್ಲಿ, ಹಡಗಿನ ಕಂಟೇನರುಗಳ ಕಡೆ. ಆಗಾಗ ಬೇರೆ ದೇಶದ ಬಂದರುಗಳ ಕಡೆಗೂ ಹೋಗಬೇಕು. ಮಗಳಿಗೆ ರಜೆ ಇದ್ದಾಗ ನಾವೂ ಹೊರಡುತ್ತಿದ್ದೆವು. ಈ ಸಲ ಅವರೇ ಒಂದು ಪ್ಲಾನ್ ಮಾಡಿದರು. "ನೀನು ಮಾಡಿದ್ದು ನಿನಗೆ ಗೊತ್ತಿರೋದೇ. ಹೋದ ಊರಲ್ಲೆಲ್ಲ ನಮ್ಮ ಕಡೆ ಊಟದ ಹೋಟ್ಲು ಹುಡುಕೋಣ. ಬೇರೆಯವರ ಕೈ ಸಾರು ಕುಡಿ. ಯಾವುದಾದ್ರೂ ಒಂದು ಮೂಗಿಗೆ ಕ್ಲಿಕ್ ಆಗುತ್ತೆ."

ಮೊದಲು ಕ್ವಾಲಾಲಂಪುರ. ಬ್ರಿಕ್‌ಫೀಲ್ಡ್ಸ್‌ನಲ್ಲಿ ತಮಿಳರ ಬಾಳೆಲೆ ಊಟದ ಹೋಟೆಲು. ಎಲೆ ದೊಡ್ಡದು, ಅನ್ನ ಬೆಟ್ಟದ ಹಾಗೆ, ಪಲ್ಯಕ್ಕೆ ಲೆಕ್ಕವಿಲ್ಲ. ಬಡಿಸುವವರು ಕೇಳಿ ಕೇಳಿ ಹಾಕಿದರು, ಆ ಉಪಚಾರಕ್ಕೆ ಕಣ್ಣು ತುಂಬಿತು. ಸಾರು ಲೋಟದಲ್ಲಿ ಬಂತು. ಅರ್ಧ ಕುಡಿದೆ.

"ಹೇಗಿದೆ?" ಅಂದರು ನಮ್ಮವರು.

"ಬಿಸಿ ಇದೆ."

ಮಗಳು ತನ್ನ ಲೋಟ ಎತ್ತಿ ಕೆಳಗಿಟ್ಟಳು. "ಅಮ್ಮ, ಇದ್ರಲ್ಲಿ ಗಾರ್ಲಿಕ್ ಇದೆ. ಸೋ ಮಚ್. ಯು ಕಾಂಟ್ ಸ್ಮೆಲ್ ಮೆಹ್?"

ಬೆಳ್ಳುಳ್ಳಿ ಒಗ್ಗರಣೆಯ ಹೋಟೆಲಾದರೆ ಬಾಗಿಲಿನಿಂದಲೇ ವಾಪಸು ಬರುತ್ತಿದ್ದವಳು ನಾನು. ಅದು ಅವರ ಕಡೆಯ ರಸಂ, ಅವರ ತಪ್ಪೇನಿಲ್ಲ. ಕೇಳದೆ ಕುಡಿದವಳು ನಾನು. ಎದ್ದು ಹೋಗಿ ಬಾಯಿ ಮುಕ್ಕಳಿಸಿ, ಕೃಷ್ಣ ಕೃಷ್ಣ ಅಂದುಕೊಂಡು ಬಂದು ಕೂತೆ.

"ಮೂಗು ಅವನೇ ಕಿತ್ಕೊಂಡು, ಆಮೇಲೆ ಬೆಳ್ಳುಳ್ಳಿ ಕೇಸ್ ಹಾಕ್ತಾನಾ?" ಎಂದರು ನಮ್ಮವರು.

"ದೇವರ ಮೇಲೆ ಹಾಗೆಲ್ಲ ಮಾತಾಡಬೇಡಿ."

"ಅವನ ಪರವಾಗೇ ಮಾತಾಡ್ತಿರೋದು ಕಣೆ."

ಮಜ್ಜಿಗೆ ಕುಡಿದು ಎದ್ದೆವು. ಹುಳಿ ನಾಲಿಗೆಗೆ ಗೊತ್ತಾಗುತ್ತಿತ್ತು, ಉಪ್ಪು ಗೊತ್ತಾಗುತ್ತಿತ್ತು, ಖಾರವೂ. ಸಾರು ಮಾತ್ರ ಗೊತ್ತಾಗುತ್ತಿರಲಿಲ್ಲ.

ಪೆನಾಂಗಿನ ಹೋಟೆಲು ಹೂವು ಮಾರುವ ಬೀದಿಯಲ್ಲಿತ್ತು. ಚಿಕ್ಕದು. ಈ ಸಲ ಕೂರುವ ಮೊದಲೇ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಇದೆಯೇ ಎಂದು ಕೇಳಿದೆವು. ಬಡಿಸುವವರು ಕುಂದಾಪುರದ ಕಡೆಯವರು. ನಮ್ಮ ಮಾತು ಕೇಳಿದ್ದೇ, "ಕನ್ನಡವಾ? ಕೂತ್ಕಣಿ, ಹೊಸದಾಗಿ ಒಗ್ಗರಣೆ ಹಾಕಿ ಕೊಡ್ತೆ," ಎಂದು ಒಳಗೆ ಹೋದರು. ನಮ್ಮ ಟೇಬಲು ಅಡುಗೆಮನೆಯ ಬಾಗಿಲ ಪಕ್ಕ. ಒಳಗೆ ಸಾಸಿವೆ ಸಿಡಿಯುವ ಸದ್ದು ಕೇಳಿತು. ಸಿಡಿದು ಸಿಡಿದು ಕಡಿಮೆಯಾಯಿತು. ಆಮೇಲೆ ಕರಿಬೇವು ಬಿದ್ದು ಚುರ್ ಎಂದಿತು. ಕೊನೆಗೆ ಸಾರಿಗೆ ಸುರಿದ ಸದ್ದು. ಎಣ್ಣೆ ಕಾದದ್ದು ಹೆಚ್ಚಾಗಲಿಲ್ಲ, ಸಾಸಿವೆ ಸೀಯಲಿಲ್ಲ, ಹದವಾಗಿದೆ ಎಂದು ಕೂತಲ್ಲಿಂದಲೇ ನನಗೆ ತಿಳಿದುಬಿಟ್ಟಿತು. ಇಷ್ಟು ವರ್ಷ ಒಲೆಯ ಮುಂದೆ ಇದ್ದರೂ ನನ್ನ ಕಿವಿ ಇಷ್ಟು ಕಲಿತಿದೆ ಎಂದು ಗೊತ್ತಿರಲಿಲ್ಲ. ಘಮ ಬರಲಿಲ್ಲ. ಆದರೆ ಆ ಸಾರನ್ನು ಎರಡು ಸಲ ಹಾಕಿಸಿಕೊಂಡೆ. ಅವರದ್ದು ತೆಂಗಿನೆಣ್ಣೆಯ ಒಗ್ಗರಣೆ, ಅದರ ವಾಸನೆ ನಮ್ಮ ಮೈಸೂರಿನವರಿಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಮೂಗಿಲ್ಲದವಳಿಗೆ ಅದೊಂದು ಅನುಕೂಲ.

ಮೂರನೆಯದು ಬ್ಯಾಂಕಾಕ್. ಬಟ್ಟೆ ಅಂಗಡಿಗಳ ಸಂದಿಯಲ್ಲಿ, ಮಹಡಿಯ ಮೇಲೆ ಒಂದು ಸಸ್ಯಾಹಾರಿ ಹೋಟೆಲು. ಹೊರಗೆ ದೋಸೆಯ ಚಿತ್ರ, ಒಳಗೆ ಗುಜರಾತಿ ಕುಟುಂಬ. ಅವರ ಸಾರು ಕುಡಿದು ನಮ್ಮವರು, "ಇದು ಸಾರಲ್ಲ, ಪಾನಕ," ಅಂದರು. ಸಿಹಿ ನನಗೂ ತಿಳಿಯಿತು. ಆದರೂ ಮನೆ ಬಿಟ್ಟು ಬಂದ ಊರಿನಲ್ಲಿ ಬೆಳ್ಳುಳ್ಳಿಯಿಲ್ಲದ ಅನ್ನ ಸಿಕ್ಕಿತಲ್ಲ ಎಂದು ಅವರ ಮನೆಯ ಒಳ್ಳೆಯದಕ್ಕೆ ಪ್ರಾರ್ಥಿಸಿದೆ. ಊಟವಾದ ಮೇಲೆ ಕಾಫಿ ತರಿಸಿದೆವು. ಲೋಟ ಬಾಯಿಯ ಹತ್ತಿರ ತಂದವಳು ಹಾಗೆಯೇ ದೂರ ಇಟ್ಟೆ.

"ರೀ, ಇದು ನಾರ್ತಾ ಇದೆ."

"ಏನು?"

"ಕಾಫಿ. ಟೈರ್ ಸುಟ್ಟ ಹಾಗೆ."

ಅವರು ತಮ್ಮ ಲೋಟದಿಂದ ಒಂದು ಗುಟುಕು ಕುಡಿದರು. "ಚೆನ್ನಾಗೇ ಇದೆಯಲ್ಲ." ಕುಡಿದವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. "ಏನಂದೆ? ಇನ್ನೊಂದ್ಸಲ ಹೇಳು."

"ನಾರ್ತಾ ಇದೆ ಅಂದೆ."

ಹೇಳುವಾಗ ನನಗೂ ಹೊಳೆಯಿತು. ನಾನು ಮತ್ತೆ ಮೂಸಿದೆ. ಮತ್ತೆ ಟೈರ್. ಲೋಟ ಹಿಡಿದುಕೊಂಡು ಅತ್ತುಬಿಟ್ಟೆ. ಆ ಹೋಟೆಲಿನ ಯಜಮಾನಿ ಓಡಿ ಬಂದು ಕಾಫಿಯಲ್ಲಿ ಏನಾದರೂ ಬಿದ್ದಿದೆಯೇ ಎಂದು ಹಿಂದಿಯಲ್ಲಿ ಕೇಳಿದರು. ನಮ್ಮವರು, "ಬಹುತ್ ಅಚ್ಛಾ ಕಾಫಿ ಹೈ," ಎಂದು ಇನ್ನೆರಡು ತರಿಸಿದರು.

ಮಗಳು ತಲೆ ಅಲ್ಲಾಡಿಸಿದಳು. "ಕಾಫಿ ಟೈರ್ ತರ ಇದೆ, ಅಮ್ಮ ಹ್ಯಾಪಿ. ದಿಸ್ ಫ್ಯಾಮಿಲಿ ಆಹ್."

ಅಲ್ಲಿಂದ ವಾಪಸು ಬಂದ ಮೇಲೆ ವಾಸನೆಗಳು ಒಂದೊಂದಾಗಿ, ವೇಷ ಹಾಕಿಕೊಂಡು ಬರತೊಡಗಿದವು. ಮಲ್ಲಿಗೆ ಒದ್ದೆ ಬಟ್ಟೆಯ ಹಾಗೆ. ಸೋಪು ಸೀದ ಸಕ್ಕರೆಯ ಹಾಗೆ. ಒದ್ದೆ ಬಟ್ಟೆಯ ಮಲ್ಲಿಗೆಯನ್ನು ದೇವರಿಗೆ ಏರಿಸುವಾಗ, ನಿನಗೆ ಸರಿಯಾಗಿಯೇ ತಲುಪುತ್ತಿದೆ ಅಂದುಕೊಂಡಿದ್ದೇನೆ ಎಂದು ಹೇಳುತ್ತಿದ್ದೆ. ಒಂದು ಭಾನುವಾರ ಇಲ್ಲೇ ಸಿಂಗಾಪುರದ ಸೆರಂಗೂನ್ ರಸ್ತೆಗೆ ಹೂವಿಗೆ ಹೋದಾಗ ಅಲ್ಲೇ ಒಂದು ಹೋಟೆಲಿನಲ್ಲಿ ಊಟ ಮಾಡಿದೆವು. ಮೂರು ಊರು ಸುತ್ತಿದ್ದಾಯಿತು, ನಮ್ಮೂರಿನದ್ದನ್ನೂ ನೋಡಿಬಿಡೋಣ ಎಂದು. ಸಾರು ನೀರಾಗಿತ್ತು, ಕೊತ್ತಂಬರಿ ಬಾಡಿತ್ತು. ನಾಲ್ಕೂ ಊರಿನ ಪೈಕಿ ಕೊನೆಯ ಸ್ಥಾನ ಕೊಡಬೇಕಾದ ಸಾರು. ಆದರೆ ಕೈಯಲ್ಲಿ ಹಿಡಿದ ಲೋಟದಿಂದ, ಒಂದು ಉಸಿರಿನಷ್ಟು ಹೊತ್ತು, ಇಂಗು ಬಂತು. ಯಾವ ವೇಷವೂ ಇಲ್ಲದ ಇಂಗು. ಮರುಗಳಿಗೆ ಇಲ್ಲ. ಚೆನ್ನಾಗಿ ಮಾಡಿದ ಸಾರಿಗೆ ಬಾರದ್ದು ಈ ಸಾರಿಗೆ ಬಂತು. ಕೊಡುವವನು ಪಾತ್ರೆ ನೋಡಿ ಕೊಡುವುದಿಲ್ಲ.

ಆ ಸಂಜೆ ಆಂಟಿಗೆ ಫೋನ್ ಮಾಡಿದೆ. ಆ ತಿಂಗಳ ಪೂಜೆ ಅವರ ಮನೆಯಲ್ಲಿತ್ತು.

"ಈ ಸಲ ಸಪಾದ ನಾನು ಮಾಡ್ಲಾ ಆಂಟಿ?"

"ಮೂಗು ಸರಿ ಆಯ್ತಾ?"

"ಇಲ್ಲ. ಪೂರ್ತಿ ಇಲ್ಲ."

"ಹಾಗಾದ್ರೆ ಹಾಲು ನಾನು ನೋಡ್ತೇನೆ, ತುಪ್ಪ ನಾನು ನೋಡ್ತೇನೆ. ಹುರಿಯುವುದು ನೀವು. ಆಯ್ತಲ್ಲ?"

ಹುಣ್ಣಿಮೆಯ ದಿನ ತಲೆಗೆ ನೀರು ಹಾಕಿಕೊಂಡು, ಒಗೆದಿಟ್ಟ ಸೀರೆ ಉಟ್ಟು ಅವರ ಅಡುಗೆಮನೆಯಲ್ಲಿ ನಿಂತೆ. ತುಪ್ಪ ಕರಗಿತು. ರವೆ ಹಾಕಿದೆ. ಮೊದಲು ಸೌಟಿಗೆ ಭಾರವಾಗಿ, ಒದ್ದೆ ಮಣ್ಣಿನ ಹಾಗೆ ಅಂಟಿಕೊಳ್ಳುತ್ತದೆ. ಹುರಿಯುತ್ತ ಹುರಿಯುತ್ತ ಬಿಡಿಬಿಡಿಯಾಗಿ, ಬಾಣಲೆಯಲ್ಲಿ ಜರಜರ ಸದ್ದು ಹಗುರಾಗುತ್ತದೆ. ಪೆನಾಂಗಿನಲ್ಲಿ ಕೇಳಿದ ಹಾಗೆ ಕಿವಿಗೊಟ್ಟು ಕೇಳಿದೆ. ಕಿಟಕಿಯ ಬೆಳಕಿಗೆ ಸೌಟು ಹಿಡಿದು ಬಣ್ಣ ನೋಡಿದೆ. ಘಮ ಬಂತು, ಅರ್ಧ ತುಪ್ಪದ್ದು, ಅರ್ಧ ಯಾವುದೋ ಕಾಗದದ್ದು. ಅದನ್ನು ನಂಬುವ ಹಾಗಿರಲಿಲ್ಲ. ಸಾಕು ಎಂದು ಕೈ ಹೇಳಿತು. ಹಾಲು ಸುರಿದೆ. ಹಬೆ ಎದ್ದು ಕನ್ನಡಕ ಮಂಜಾಯಿತು. ಇನ್ನು ತಿದ್ದುವಂತಿಲ್ಲ, ರುಚಿ ನೋಡುವಂತಿಲ್ಲ. ಇದ್ದದ್ದು ಇಷ್ಟು, ತಗೋ ಎಂದು ಒಳಗೇ ಹೇಳಿಕೊಂಡು ಸಕ್ಕರೆ, ಬಾಳೆಹಣ್ಣು ಕಲಸಿದೆ.

ಕಥೆ ಮುಗಿದು, ಮಂಗಳಾರತಿಯಾಗಿ, ಪ್ರಸಾದ ಎಲ್ಲರ ಕೈಗೂ ಬಂತು. ಚೆನ್ನಾಗಿದೆ, ಚೆನ್ನಾಗಿದೆ ಎಂದು ಒಬ್ಬರ ಮೇಲೊಬ್ಬರು ಅಂದರು. ಕಾಯಿಲೆಯಿಂದ ಎದ್ದವಳಿಗೆ ಹೇಳುವ ದನಿಯಲ್ಲಿ. ಆಂಟಿ ಮಾತ್ರ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ತಿಂದರು.

"ರವೆ ಇನ್ನೊಂಚೂರು ಹುರೀಬೇಕಿತ್ತು ಮಾರಾಯ್ರೆ," ಅಂದರು.

ಮಗಳು ನನ್ನ ಮುಖ ನೋಡಿದಳು. ನಾನು ಬಾಯಿಗೆ ಹಾಕಿಕೊಂಡೆ. ಹೌದು, ಒಂದು ನಿಮಿಷದಷ್ಟು ಕಡಿಮೆಯೇ.

"ನಿಮ್ಮದು ಹೋದ ತಿಂಗಳು ಕಪ್ಪಾಗಿತ್ತಲ್ಲ ಆಂಟಿ?"

"ಕಪ್ಪಲ್ಲ, ಕೆಂಪು. ಕೆಂಪು ಬೇರೆ, ಕಪ್ಪು ಬೇರೆ."

"ನನಗೆ ಮೂಗು ಹೋಗಿತ್ತು, ಕಣ್ಣು ಹೋಗಿರಲಿಲ್ಲ."

ಎಲ್ಲರೂ ನಕ್ಕರು, ಆಂಟಿಯೂ. ನಗುತ್ತಲೇ ಒಳಗೆ ಹೋಗಿ ಸ್ಟೀಲ್ ಡಬ್ಬಿ ತಂದು, ಬಾಣಲೆಯಲ್ಲಿ ಉಳಿದದ್ದನ್ನು ಕೆಲಸದಿಂದ ಇನ್ನೂ ಬಾರದ ತಮ್ಮ ಯಜಮಾನರಿಗೆಂದು ತುಂಬಿಕೊಂಡರು. ಮುಚ್ಚಳ ಒತ್ತುತ್ತ, "ಮುಂದಿನ ಹುಣ್ಣಿಮೆಗೆ ಸ್ವಲ್ಪ ಜಾಸ್ತಿ ಹುರೀರಿ," ಅಂದರು. ಮುಂದಿನ ಹುಣ್ಣಿಮೆಗೆ ಬಾಣಲೆ ಯಾರದ್ದು ಎಂದು ಯಾರೂ ಕೇಳಲಿಲ್ಲ.