ಗಂಗಕ್ಕನ ದನಿಯಲ್ಲಿ ನಾನು ಕರೆದ ಊಟ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಮದುರ್ಗದ ಹದಿನಾಲ್ಕು ಮಂದಿಯನ್ನು, ಅವರ ಗುರುತು ಪರಿಚಯವಿಲ್ಲದ ಮುನವಳ್ಳಿಯ ಒಬ್ಬ ಹೆಣ್ಣುಮಗಳ ಮನೆಗೆ, ಆಕೆಗೇ ಗೊತ್ತಿಲ್ಲದಂತೆ, ರವಿವಾರದ ಊಟಕ್ಕೆ ಕರೆದವನು ನಾನು. ಕರೆದದ್ದೂ ಆಕೆಯದೇ ದನಿಯಲ್ಲಿ. ನಿಮ್ಮಲ್ಲಿ ಯಾರಾದರೂ ಇದಕ್ಕಿಂತ ದೊಡ್ಡ ದಡ್ಡತನ ಮಾಡಿದ್ದರೆ ದಯವಿಟ್ಟು ಬೈಲಹೊಂಗಲಕ್ಕೆ ಬನ್ನಿ, ಚಹಾ ನನ್ನದು. ನೋಡಿದಿರಾ, ಮತ್ತೆ ಕರೆದೆ. ಚಟ.

ಇವತ್ತು ಇದೆಲ್ಲ ನೆನಪಾಗಲು ಕಾರಣ ನನ್ನ ಲ್ಯಾಪ್‌ಟಾಪಿನ ಕೀಬೋರ್ಡು. ಧೂಳು ಉದುರಲೆಂದು ಬೆಳಗ್ಗೆ ಅದನ್ನು ಬೋರಲು ಹಾಕಿ ಬಡಿದೆ. ಧೂಳಿನ ಜತೆ ಚಿಟಿಕೆಯಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿತು. ಬೆಳ್ಳುಳ್ಳಿ, ಕೆಂಪು ಖಾರ, ಹುರಿದ ಶೇಂಗಾ, ಮೂರರ ವಾಸನೆಯೂ ಇನ್ನೂ ಗಟ್ಟಿಯಾಗಿತ್ತು. ನಮ್ಮ ಆಫೀಸಿನ ಕೆಳಗೆ ಟೇಲರ್ ಅಂಗಡಿ ಇದೆ. ಅಲ್ಲಿಂದಲೇ "ಏನಲೇ, ಒಬ್ಬಾವನ ತಿನ್ನಾಕತ್ತೀಯಲ್ಲ?" ಎಂದು ಕೂಗು ಬಂತು. ತಿನ್ನುತ್ತಿಲ್ಲ, ಸ್ವಚ್ಛ ಮಾಡುತ್ತಿದ್ದೇನೆ ಎಂದರೆ ಯಾರು ನಂಬುತ್ತಾರೆ?

ನನ್ನ ಕೆಲಸದ ಬಗ್ಗೆ ಎರಡು ಮಾತು. ನೀವು ಫೋನಿನಲ್ಲಿ ಒಂದು ವೆಬ್‌ಸೈಟು ತೆರೆದಾಗ ಕಣ್ಣಿಗೆ ಕಾಣುವ ಬಣ್ಣ, ಅಕ್ಷರ, ಬೆರಳಿಗೆ ಸಿಗುವ ಗುಂಡಿ, ಇಷ್ಟನ್ನೂ ಮಾಡುವವನು ನಾನು. ಫ್ರಂಟ್ ಎಂಡ್ ಎನ್ನುತ್ತಾರೆ. ನಮ್ಮ ಅವ್ವ ಮಾತ್ರ ಬೀಗರ ಮುಂದೆ "ನಮ್ಮ ಹುಡುಗ ಕಂಪ್ಯೂಟರಿಗೆ ಸುಣ್ಣಾ ಹಚ್ಚತಾನ" ಎಂದು ಹೇಳುತ್ತಾಳೆ. ನಾಲ್ಕು ವರ್ಷ ಓದಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೂ ಸಿಕ್ಕಿಲ್ಲ.

ಇನ್ನೊಂದು ಕೆಲಸವಿದೆ, ಅದಕ್ಕೆ ಪಗಾರವಿಲ್ಲ: ಮಂದಿಯನ್ನು ಅಣಕಿಸುವುದು. ನಮ್ಮ ಮಾಲಕರು ಈರಣ್ಣ ಸರ್ ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಂಡು "ಅದ ಏನಂದ್ರ..." ಎಂದು ಶುರುಮಾಡುತ್ತಾರೆ. ಒಮ್ಮೆ ಅವರ ದನಿಯಲ್ಲಿ ಫೋನೆತ್ತಿ ಅವರ ಹೆಂಡತಿಯ ಹತ್ತಿರವೇ ಅರ್ಧ ನಿಮಿಷ ಮಾತಾಡಿದ್ದೆ. ಬರುವಾಗ ಕೊತ್ತಂಬರಿ ತರಲು ಹೇಳಿ ಆಕೆ ಫೋನಿಟ್ಟರು. ಕೊತ್ತಂಬರಿ ನಾನೇ ತಂದುಕೊಟ್ಟೆ. ಎಐ ಬಂದ ಮೇಲೆ ಅದನ್ನೂ ಬಿಡಲಿಲ್ಲ. ಎಷ್ಟು ಬೈದರೂ "ನೀವು ಹೇಳಿದ್ದು ಸರಿ, ಈಗಲೇ ತಿದ್ದುತ್ತೇನೆ" ಎನ್ನುವ ಅದರ ವಿನಯ ಥೇಟ್ ಮೊದಲ ಹಬ್ಬಕ್ಕೆ ಮಾವನ ಮನೆಗೆ ಬಂದ ಅಳಿಯನದು. ನನ್ನನ್ನು ನಾನೇ ಅಣಕಿಸಿದರೆ ಮಾತ್ರ ಯಾರೂ ಗುರುತು ಹಿಡಿಯುವುದಿಲ್ಲ. "ಯಾರೋ ಇಂವ, ಭಾಳ ಮಾತಾಡತಾನ" ಎನ್ನುತ್ತಾರೆ.

ಆ ಅಳಿಯ ಒಂದು ದಿನ ನನ್ನ ಕುರ್ಚಿಯ ಮೇಲೇ ಕಣ್ಣಿಟ್ಟ. ಈರಣ್ಣ ಸರ್ ನನ್ನನ್ನು ಕರೆದು ಕೂಡಿಸಿ, ಗಂಟಲು ಸರಿಮಾಡಿಕೊಂಡರು.

"ಅದ ಏನಂದ್ರ ತಮ್ಮಾ, ನೀ ವಾರಗಟ್ಟಲೆ ಮಾಡೂ ಪೇಜ್ ಅದು ನನ್ನ ಚಹಾ ಆರೂದರಾಗ ಮಾಡತೈತಿ. ಅದಕ್ಕ ಬರಲಾರದ್ದು ನಿನಗೇನ ಬರತೈತಿ? ಮುನವಳ್ಳಿ ಗಂಗಕ್ಕನ ಕೆಲಸದಾಗ ತೋರಸು. ಇಲ್ಲಂದ್ರ ನಿಮ್ಮ ಕಾಕಾಂದು ಟ್ರ್ಯಾಕ್ಟರ್ ಐತೆಲ್ಲ, ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿಗೆ ಕಬ್ಬ ಹೇರಕೊಂಡ ಹೋಗು."

ನಕ್ಕೆ. ಅವರು ನಗಲಿಲ್ಲ. ಆ ಟ್ರ್ಯಾಕ್ಟರಿನ ಸೀಟು ನನಗೆ ಚೆನ್ನಾಗಿ ಗೊತ್ತು, ಸ್ಪ್ರಿಂಗು ಹೊರಗೆ ಬಂದಿದೆ.

ಗಂಗಕ್ಕ ಮುನವಳ್ಳಿಯಲ್ಲಿ ಐದಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕಡಕ್ ರೊಟ್ಟಿ, ಹಿಂಡಿ ಮಾಡಿ ಮಾರುತ್ತಾಳೆ. ಫೋನಿನಲ್ಲೇ ಆರ್ಡರು ಬರುವಂತೆ ಅವಳಿಗೊಂದು ವೆಬ್‌ಸೈಟು ಬೇಕಿತ್ತು. ಪೇಜನ್ನು ಎಐ ಕೈಯಲ್ಲಿ ಮಾಡಿಸಿದೆ, ಚಂದವಾಗಿಯೇ ಬಂತು. ಆದರೆ ನನ್ನದೆಂದು ತೋರಿಸಲು ಏನಿದೆ? ಆಗ ಹೊಳೆಯಿತು. ಪೇಜಿನ ಕೆಳಗೆ ಗಿರಾಕಿಗಳ ಜತೆ ಮಾತಾಡುವ ಒಂದು ಡಬ್ಬಿ ಇಡುವುದು, ಅದರೊಳಗಿನ ಎಐ ಗಂಗಕ್ಕನ ಹಾಗೆಯೇ ಮಾತಾಡುವುದು. ಎರಡು ದಿನ ಅವಳ ಪಡಸಾಲೆಯಲ್ಲಿ ಕೂತು, ಅವಳಾಡಿದ ಮಾತನ್ನೆಲ್ಲ ಬರೆದುಕೊಂಡು ಯಂತ್ರಕ್ಕೆ ಉಣಿಸಿದೆ. ಓದಿ ತೋರಿಸಿದಾಗ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಒಂದು ಮಾತು ಹೇಳಿದಳು: "ನನ್ನ ದನಿ ತಗೋತಿ ತಗೋ. ನನಗ ಕೇಳದ ನನ್ನ ಮಾತ ಯಾರಿಗೂ ಕೊಡಬ್ಯಾಡ."

ಹೂಂ ಎಂದೆ. ಕಿವಿಗೆ ಹೋಯಿತು, ತಲೆಗೆ ಹೋಗಲಿಲ್ಲ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬೇಕು. ಮನೆಗೆ ಬಂದವರಿಗೆ ಊಟಕ್ಕೆ ಏಳಿ ಎನ್ನುತ್ತೇವೆ. ಬಂದವರು ಬ್ಯಾಡ್ರಿ, ಈಗರ ಆತು ಎನ್ನುತ್ತಾರೆ. ಇನ್ನೊಮ್ಮೆ ಕರೆಯುತ್ತೇವೆ. ಇನ್ನೊಮ್ಮೆ ಒಲ್ಲೆ ಎನ್ನುತ್ತಾರೆ. ಮೂರನೆಯ ಸಲ ಕರೆಯುವಾಗ ಒಲೆಯ ಮೇಲೆ ಏನಿದೆ ಎಂದು ನೋಡಿಕೊಂಡೇ ಕರೆಯುತ್ತೇವೆ, ಏಕೆಂದರೆ ಮೂರನೆಯ ಸಲವೂ ಒಲ್ಲೆ ಎಂದರೆ ಅದು ಅಪಮಾನ. ನನ್ನ ಯಂತ್ರಕ್ಕೆ ಕರೆಯುವುದನ್ನು ಕಲಿಸಿದ್ದೆ. ಅದಕ್ಕೆ ಒಲೆ ಇರಲಿಲ್ಲ.

ಆ ರವಿವಾರ ಬೆಳಗ್ಗೆ ಡಬ್ಬಿಗೆ ಒಂದು ಮೆಸೇಜು ಬಂದಿತ್ತು. "ಜಳಕಾ ಮುಗೀತ್ರಿ ಅಕ್ಕಾರ. ಹನ್ನೊಂದಕ್ಕ ರಾಮದುರ್ಗ ಬಿಡತೇವಿ. ಹದಿನಾಕ ಮಂದಿ ಅದೇವಿ. ಇಬ್ಬರಿಗೆ ಖಾರ ನಡ್ಯಾಂಗಿಲ್ಲ." ಹಿಂದಿನ ಮಾತುಕತೆ ತೆಗೆದು ನೋಡಿದೆ. ಯಾರೋ ಅಜ್ಜ ಐವತ್ತು ರೊಟ್ಟಿ ಬೇಕು, ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೇವೆ ಎಂದಿದ್ದಾನೆ.

"ಹಂಗ ಹೋದ್ರ ಹೆಂಗ್ರಿ? ಊಟ ಮಾಡಕೊಂಡ ಹೋಗ್ರಿ" ಎಂದಿದೆ ಯಂತ್ರ.

"ಬ್ಯಾಡ್ರಿ, ಯಾಕ ತ್ರಾಸ."

"ತ್ರಾಸೇನ ಬಂತ್ರಿ? ಬದನಿಕಾಯಿ ಎಣಗಾಯಿ ಮಾಡಿರತೇನಿ."

"ಮಂದಿ ಭಾಳ ಅದೇವ್ರಿ."

"ಎಷ್ಟ ಇದ್ರೇನ್ರಿ? ರವಿವಾರ ಮಧ್ಯಾಹ್ನ ಬರ್ರಿ. ಬರಲಿಲ್ಲಂದ್ರ ನಾ ಸಿಟ್ಟಾಗತೇನಿ ನೋಡ್ರಿ."

ಕೆಳಗೆ ಗಂಗಕ್ಕನ ಮನೆಯ ನಕಾಶೆ. ಅಜ್ಜ ಮರ್ಯಾದಸ್ಥ. ಎರಡು ಸಲ ಒಲ್ಲೆ ಎಂದು ಮೂರನೆಯದಕ್ಕೆ ಒಪ್ಪಿದ್ದ. ಇನ್ನು ಆ ಸಿಟ್ಟಾಗುವ ಮಾತು ಗಂಗಕ್ಕನದಲ್ಲ, ರುಚಿಗೆಂದು ನಾನೇ ಸೇರಿಸಿದ್ದು.

ಈರಣ್ಣ ಸರ್‌ಗೆ ಹೇಳದೆ ವಿಧಿಯಿರಲಿಲ್ಲ. ಮುನವಳ್ಳಿಯವರೆಗೂ ನನ್ನ ಬೈಕಿನ ಹಿಂದೆ ಕೂತು ನನ್ನ ಹೆಲ್ಮೆಟ್ಟಿಗೆ ಬೈದರು. ಗಾಳಿಗೆ "ಅದ ಏನಂದ್ರ" ಮಾತ್ರ ಕೇಳುತ್ತಿತ್ತು, ಮುಂದಿನದು ಹಾರಿಹೋಗುತ್ತಿತ್ತು. ಸುದೈವ.

ಗಂಗಕ್ಕ ಎಲ್ಲ ಕೇಳಿಸಿಕೊಂಡಳು. "ಫೋನ್ ಮಾಡಿ ಬರಬ್ಯಾಡ್ರಿ ಅಂತ ಹೇಳಿಬಿಡ್ಲೇನ್ರಿ ಅಕ್ಕಾರ?" ಎಂದೆ. ಅವಳು ನನ್ನನ್ನು ನೋಡಿದ ನೋಟವನ್ನು ಅಣಕಿಸಲು ನನಗೆ ಇನ್ನೂ ಬಂದಿಲ್ಲ.

"ಕರದು ಬ್ಯಾಡ ಅನ್ನೂದಾ? ಈ ಓಣ್ಯಾಗ ಗಂಗಕ್ಕ ಕರದು ಉಣಸಲಿಲ್ಲ ಅನ್ನೂ ಮಾತು ಇಲ್ಲೀತನಾ ಹುಟ್ಟಿಲ್ಲ. ಕುಂದ್ರು, ಉಳ್ಳಾಗಡ್ಡಿ ಹೆಚ್ಚು."

ಹೆಚ್ಚುತ್ತ ಅತ್ತುಬಿಟ್ಟೆ. ಅತ್ತದ್ದಕ್ಕೆ ಉಳ್ಳಾಗಡ್ಡಿ ಪೂರ್ತಿ ಕಾರಣವಲ್ಲ. ಮಾರಲು ಕಟ್ಟಿಟ್ಟ ರೊಟ್ಟಿಯನ್ನೇ ಗಂಗಕ್ಕ ಬಿಚ್ಚಿದಳು. ಟೆಂಪೊ ಬಂದು ನಿಂತಾಗ ಎಣಗಾಯಿ ಇನ್ನೂ ಕೊತಕೊತ ಎನ್ನುತ್ತಿತ್ತು. ಬಡಿಸಲು ನಿಂತವನು ನಾನು. ಈರಣ್ಣ ಸರ್ ಹದಿನೈದನೆಯವರಾಗಿ ಸಾಲಿನಲ್ಲಿ ಕೂತುಬಿಟ್ಟಿದ್ದರು. "ಇನ್ನೊಂದ ರೊಟ್ಟಿ ತಗೋರಿ, ಇಲ್ಲಂದ್ರ ನಾ ಸಿಟ್ಟಾಗತೇನಿ" ಎಂದು ಗಂಗಕ್ಕನ ದನಿಯಲ್ಲಿ ಬಡಿಸುತ್ತ ಹೋದೆ. ಅಜ್ಜ ನಕ್ಕು ನೆತ್ತಿ ಹತ್ತಿಸಿಕೊಂಡ. ಗಂಗಕ್ಕ ಸೌಟಿನಿಂದ ನನ್ನ ಬೆನ್ನಿಗೊಂದು ಕೊಟ್ಟಳು. ಆದರೆ ಅವಳೂ ನಗುತ್ತಿದ್ದಳು.

ಕೈತೊಳೆದ ಮೇಲೆ ಅಜ್ಜನನ್ನು ಕೇಳಿದೆ: "ಅಜ್ಜಾರ, ಆರ್ಡರ್ ಗುಂಡಿ ಒತ್ತಿದ್ರ ರೊಟ್ಟಿ ಮನೀಗೇ ಬರತಿದ್ದೂವಲ್ರಿ. ಮಾತಾಡ್ಕೋಂತ ಯಾಕ ಕುಂತ್ರಿ?"

"ಗುಂಡಿ ಎಲ್ಲೈತೋ ತಮ್ಮಾ?" ಎಂದು ಫೋನು ಕೈಗಿಟ್ಟ.

ನಿಜ, ಗುಂಡಿ ಇರಲಿಲ್ಲ. ಕಣ್ಣು ಮಂಜೆಂದು ಅಜ್ಜ ಅಕ್ಷರಗಳನ್ನು ಹುಣಸೆಬೀಜದಷ್ಟು ದಪ್ಪ ಮಾಡಿಕೊಂಡಿದ್ದ. ರೊಟ್ಟಿ ಎಂಬ ಹೆಸರೇ ಅರ್ಧ ಪರದೆ ತಿಂದು, ಗುಂಡಿ ಅಂಚಿನಾಚೆಗೆ ಹೋಗಿ ಬಿದ್ದಿತ್ತು. ಅವನಿಗೆ ಕಾಣುತ್ತಿದ್ದದ್ದು ಮಾತಿನ ಡಬ್ಬಿ ಒಂದೇ. ಯಂತ್ರ ಪೇಜನ್ನು ತನ್ನ ಮನಸ್ಸಿನ ಫೋನಿನಲ್ಲಿ ನೋಡಿ ಚಂದ ಎಂದಿತ್ತು. ನಾನು ನನ್ನ ಎಳೆಗಣ್ಣಿನಿಂದ ನೋಡಿ ಚಂದ ಎಂದಿದ್ದೆ. ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪು ತೆಗೆದು, ಹಿಂಡಿ ಮೆತ್ತಿದ ಬೆರಳಲ್ಲೇ ತಿದ್ದತೊಡಗಿದೆ. ಪ್ರತಿ ಸಲವೂ ಅಜ್ಜನ ಫೋನಿನಲ್ಲೇ ನೋಡಿದೆ. "ಹಾಂ, ಈಗ ಬಂತ ನೋಡು" ಎಂದು ಅಜ್ಜ ಗುಂಡಿ ಒತ್ತಿದ. ಐವತ್ತು ರೊಟ್ಟಿ. ಆ ಗುಂಡಿಯಿಂದ ಬಂದ ಮೊದಲ ಆರ್ಡರು ಅದು.

ಈಗ ನನ್ನ ಮೇಜಿನ ಮೇಲೆ ಅವ್ವನ ಹಳೆಯ ಫೋನೊಂದಿದೆ, ಅಕ್ಷರ ಹುಣಸೆಬೀಜದಷ್ಟು. ಯಾವ ಪೇಜೂ ಅದನ್ನು ದಾಟದೆ ಹೊರಗೆ ಹೋಗುವುದಿಲ್ಲ. ಗಂಗಕ್ಕನ ಡಬ್ಬಿ ಈಗ "ಏನ ಬೇಕ್ರಿ?" ಎಂದಷ್ಟೇ ಕೇಳುತ್ತದೆ. ಊಟಕ್ಕೆ ಕರೆಯುವುದಿದ್ದರೆ ಅವಳೇ ಫೋನು ಮಾಡಿ ಕರೆಯುತ್ತಾಳೆ. ಎಐ ಈಗಲೂ ನನ್ನ ಜತೆಗೇ ಕೆಲಸ ಮಾಡುತ್ತದೆ, ಈಗಲೂ "ನೀವು ಹೇಳಿದ್ದು ಸರಿ" ಎನ್ನುತ್ತದೆ. ಉದುರಿದ ಹಿಂಡಿಯನ್ನು ಬೆರಳಿಗೆ ಅಂಟಿಸಿಕೊಂಡು ನಾಲಿಗೆಗಿಟ್ಟೆ. ಹೌದು, ತಿಂದೆ. ಟೇಲರ್ ಹೇಳಿದ್ದೂ ಸರಿಯೇ ಆಯಿತು.

ನನ್ನ ಕುರ್ಚಿ ಹೇಗೆ ಉಳಿಯಿತು ಎಂದು ಕೇಳುತ್ತೀರಾ? ಆ ಮಧ್ಯಾಹ್ನ ಟೆಂಪೊ ಗುಡ್ಡದ ಕಡೆ ಹೋದ ಮೇಲೆ, ಎರಡನೆಯ ಸಲ ಎಣಗಾಯಿ ಹಾಕಿಸಿಕೊಂಡು ಉಂಡಿದ್ದ ಈರಣ್ಣ ಸರ್ ಗೋಡೆಗೆ ಒರಗಿ ಗಂಟಲು ಸರಿಮಾಡಿಕೊಂಡರು. "ಅದ ಏನಂದ್ರ ಅಕ್ಕಾರ, ಇನ್ನ ನಿಮಗ ತ್ರಾಸಿಲ್ಲ. ಈ ಹುಡುಗನ್ನ ಬಿಡಿಸಿಬಿಡತೇನಿ. ಎಲ್ಲಾ ಮಷೀನೇ ನೋಡಕೋತೈತಿ."

ನಾನು ಎಂಜಲು ತಾಟು ಎತ್ತುತ್ತ ಟ್ರ್ಯಾಕ್ಟರಿನ ಸ್ಪ್ರಿಂಗು ನೆನೆಸಿಕೊಳ್ಳುತ್ತಿದ್ದೆ. ಗಂಗಕ್ಕ ಕೈಯೊರೆಸಿಕೊಂಡು, ಸರ್ ಕಡೆ ತಿರುಗಿದಳು.

"ಕರಿಯಾಕ ನಿಮ್ಮ ಮಷೀನ್ ಸಾಕ್ರಿ ಸರ. ಬಡಸಾಕ ಯಾರು, ನೀವು ಬರತೀರೇನು?"