ಕಡೆಗೆ ಹೋಗುವವರು

ಹುಮನಾಬಾದಿನಲ್ಲಿ ನಮಗೆ ಸಿ ಪ್ಲಸ್ ಪ್ಲಸ್ ಕಲಿಸಿದ ಸರ್ ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದರು. ಬಳಸುವವರು ಯಾರೂ ಉಳಿಯದಾಗ ಕಂಪ್ಯೂಟರಿನ ಮೆಮರಿಯನ್ನು ತಾನೇ ಖಾಲಿ ಮಾಡುವ ಸ್ಮಾರ್ಟ್ ಪಾಯಿಂಟರನ್ನು ವಿವರಿಸುವಾಗ ಚಾಕ್‌ಪೀಸನ್ನು ಮೇಲಕ್ಕೆತ್ತಿ ಫ್ಯಾನ್ ತೋರಿಸುತ್ತಿದ್ದರು.

"ಮೆಮರಿ ಅಂದ್ರ ಈ ಖೋಲಿ ಇದ್ದಂಗ. ಒಬ್ಬರರ ಒಳಗ ಇರೋತನಕ ಫ್ಯಾನ್ ತಿರಗಲಿ. ಕಡೀಕ ಹೋಗೋರು ಬಂದ್ ಮಾಡ್ರಿ."

ಕೊನೆಯ ತರಗತಿಯ ಸಂಜೆ ಅವರ ಬಸ್ಸಿನ ಹೊತ್ತಾದರೂ ನಾವು ಏಳಲಿಲ್ಲ.

"ನಡೀರಿ ಇನ್ನ," ಎಂದರು.

"ನೀವು ಹೋದ ಮ್ಯಾಲ ಹೋಗ್ತೀವ್ರಿ ಸರ್."

"ನಿಮ್ಮನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ?"

ಎಲ್ಲರೂ ಹಾಗೇ ಕೂತೆವು. ಆಮೇಲೆ ಅವರಿಗೆ ನಗು ಬಂತು.

"ಎರಡು ಪಾಯಿಂಟರ್ ಒಂದನ್ನೊಂದು ಹಿಡಕೊಂಡು ಕುಂತ್ರ ಮೆಮರಿ ಖಾಲಿನೇ ಆಗಲ್ಲ ಅಂತ ಕ್ಲಾಸಿನ್ಯಾಗ ಅಂದಿದ್ನಲ್ಲ, ಅದು ಇದೇ ನೋಡ್ರಿ. ಯಾರರ ಒಬ್ಬರು ಕೈ ಸಡಲ ಬಿಡಬೇಕು."

ಬ್ಯಾಗು ಹೆಗಲಿಗೇರಿಸಿ ಅವರೇ ಮೊದಲು ಹೋದರು. ಅವರ ಹಿಂದೆ ನಾವೂ ಒಬ್ಬೊಬ್ಬರಾಗಿ ಹೊರಬಿದ್ದೆವು.

ಫ್ಯಾನನ್ನು ಮಾತ್ರ ಅವತ್ತು ಯಾರೂ ಬಂದ್ ಮಾಡಲಿಲ್ಲ.