ಸರ್ವರ್ ಮೇಲೆ ಅಂಗೈ ಇಡುತ್ತಿದ್ದವರು

ಈ ಕೆಲಸ ನನ್ನ ಕೈಲಿ ಎಂದೂ ಆಗದು ಎಂದವರು ಜನನ-ಮರಣ ಪ್ರಮಾಣಪತ್ರ ಕೊಡುವ ನಮ್ಮ ಮಡಕಶಿರದ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವರೇ. ‘ಡಿಗ್ರಿ ಮಾಡ್ಕಂಡ್ ಬಂದ್ಬಿಟ್ರೆ ಆಯ್ತೇನಮ್ಮ? ಕುರಿ ಮೇಯ್ಸಿದಂಗಲ್ಲ ಇದು’ ಎಂದು ಮೊದಲ ದಿನವೇ ನಕ್ಕಿದ್ದರು. ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಆ ಮಾತು ಚುಚ್ಚಿತು.

ಆದರೂ ಕಲಿಸಿದರು. ಸರ್ವರ್ ಕೆಟ್ಟಾಗ, ಮಗುವಿನ ಜ್ವರ ನೋಡುವಂತೆ ಅದರ ಮೇಲೆ ಅಂಗೈ ಇಡುತ್ತಿದ್ದರು. ‘ಹಳೇ ಡ್ರೈವರ್ ಪೂರ್ತಿ ಕಿತ್ತಾಕು, ಆಮೇಲೆ ಹೊಸದು ಹಾಕು’ ಎಂಬುದೊಂದೇ, ಯಂತ್ರದ ಭಾಗಗಳನ್ನು ನಡೆಸುವ ಆ ತಂತ್ರಾಂಶದ ಬಗ್ಗೆ ಅವರ ಪಾಠ.

ಕಳೆದ ತಿಂಗಳು ಎದೆನೋವಿನಿಂದ ತೀರಿಕೊಂಡರು. ಮರಣ ಪ್ರಮಾಣಪತ್ರಕ್ಕೆ ಅವರ ಹೆಂಡತಿ ಅಮರಾಪುರದಿಂದ ಬಂದ ದಿನ ಸರ್ವರ್‌ಗೆ ನೆಟ್‌ವರ್ಕೇ ಇರಲಿಲ್ಲ. ಹಿಂದಿನ ದಿನ ಹೊರಗಿನಿಂದ ಬಂದು ನೆಟ್‌ವರ್ಕ್ ಕಾರ್ಡ್ ಬದಲಾಯಿಸಿದವರು ಹಳೆಯದರ ಡ್ರೈವರ್ ತೆಗೆಯದೆ, ಅದರ ಮೇಲೇ ಹೊಸದನ್ನು ಹಾಕಿ ಹೋಗಿದ್ದರು. ಆಕೆಯ ಪಿಂಚಣಿ ಅರ್ಜಿಗೆ ಅಂದು ಸಂಜೆಯೇ ಗಡುವು. ನಾಳೆ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಎರಡೂ ಡ್ರೈವರ್ ಕಿತ್ತು, ಸರ್ವರನ್ನು ಆಫ್ ಮಾಡಿ ಆನ್ ಮಾಡಿ, ಹೊಸದನ್ನು ಮತ್ತೆ ಹಾಕುವಷ್ಟರಲ್ಲಿ ಹೊತ್ತು ಇಳಿದಿತ್ತು; ಗಡುವಿಗೆ ಇನ್ನು ಸ್ವಲ್ಪವೇ ಉಳಿದಿತ್ತು. ಕೊನೆಗೆ ಪರದೆಯ ಮೇಲೆ ಅವರ ಹೆಸರು ಬಂತು. ನನ್ನ ಅಂಗೈ ಸರ್ವರ್ ಮೇಲಿದ್ದುದು ಆಗ ಗೊತ್ತಾಯಿತು.

ಪ್ರಮಾಣಪತ್ರವನ್ನು ಎರಡೂ ಕೈಯಿಂದ ಕೊಟ್ಟೆ. ಆಕೆ ಅದನ್ನು ಮಡಚದೆ ಎದೆಗೆ ಹಿಡಿದು ಎದ್ದರು.

‘ನಮ್ಮೋರು ಇದ್ದಿದ್ರೆ ಇಷ್ಟೊತ್ತು ಆಗ್ತಿರ್ಲಿಲ್ಲ ಕಣಮ್ಮ.’